ಕೋಡ್ ಮುಕ್ತವಾಗಿದೆ, ಕೈಹಚ್ಚುವವರಿಲ್ಲ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕನ್ನಡಕ್ಕೊಂದು ಸ್ಪೆಲ್‌ಚೆಕ್ಕರ್ ತಂತ್ರಾಂಶವನ್ನು ರೂಪಿಸಿ, ಅದರ ಕೋಡನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯಡಿ, ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇರಿಸಿದ್ದೇವೆ. ಆರಂಭದಲ್ಲಿ 20 ಮಂದಿ ಉತ್ಸಾಹದಿಂದ ಹೆಸರು ಕೊಟ್ಟರು. ವರ್ಷ ಕಳೆಯುವಷ್ಟರಲ್ಲಿ ಉಳಿದವರು ನಾವಿಬ್ಬರೇ. ಇಷ್ಟೊಂದು ಎಂಜಿನಿಯರುಗಳಿರುವ ಬೆಂಗಳೂರಿನಲ್ಲಿ ಸ್ವಯಂಸೇವಕರು ಸಿಗುವುದು ಏಕಿಷ್ಟು ಕಷ್ಟ? ಟೀಶರ್ಟು, ಪ್ರಮಾಣಪತ್ರ ಕೊಟ್ಟರೆ ಬಂದಾರೆಯೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಹೆಸರು ಕೊಟ್ಟವರಿಗೆ ಕನ್ನಡದ ಅಭಿಮಾನ ಕಡಿಮೆಯಿತ್ತೆಂದು ನನಗನ್ನಿಸುವುದಿಲ್ಲ, ಮೊದಲ ದಿನ ಏನು ಮಾಡಬೇಕೆಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ವಾರವಿಡೀ ಕಚೇರಿಯಲ್ಲಿ ಬೇರೆಯವರ ಕೋಡ್ ಓದಿ ದಣಿದವರಿಗೆ ‘ಎಲ್ಲವೂ ಅಲ್ಲೇ ಇದೆ, ನೋಡಿಕೊಳ್ಳಿ’ ಎಂದರೆ ಭಾನುವಾರವೂ ಅದಕ್ಕೇ ಕೂರುವ ಮನಸ್ಸಾಗದು. ಒಂದು ಸಂಜೆಯಲ್ಲಿ ಮುಗಿಯುವಂಥ ಕೆಲಸವನ್ನು ಬಿಡಿಸಿ ಬರೆದು ಅವರ ಮುಂದಿಡಬೇಕು.

‘ರ‍್ಯಾಂಕ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಲ್ಲಿ ರಕಾರವು ಅರ್ಕಾವತ್ತಾಗದೆ ಪೂರ್ಣರೂಪದಲ್ಲೇ ನಿಲ್ಲಬೇಕಾದರೆ ಅದರ ಬೆನ್ನಿಗೇ ಝೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವಿರಬೇಕು. ಪದಪಟ್ಟಿಯಲ್ಲಿ ಅದು ಬಿಟ್ಟುಹೋಗಿದ್ದರೆ, ಬಳಕೆದಾರರು ಸರಿಯಾಗಿಯೇ ಟೈಪ್ ಮಾಡಿದ್ದರೂ ಪದದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಇದನ್ನು ‘ಕಾಗುಣಿತ ದೋಷ ಸರಿಪಡಿಸಿ’ ಎಂದಷ್ಟೇ ಬರೆದಿಟ್ಟರೆ ಯಾರೂ ಮುಟ್ಟುವುದಿಲ್ಲ. ಯಾವ ಕಡತ, ಎಷ್ಟನೆಯ ಸಾಲು, ಏನು ಟೈಪ್ ಮಾಡಿದಾಗ ಏನಾಗುತ್ತಿದೆ, ಏನಾಗಬೇಕು ಎಂಬುದನ್ನೆಲ್ಲ ವಿವರಿಸಿ, ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಹಚ್ಚಿದರೆ ಹೊಸಬರು ಧೈರ್ಯವಾಗಿ ಕೈಹಾಕುತ್ತಾರೆ. ಹತ್ತು ನಿಮಿಷದಲ್ಲಿ ನೀವೇ ಮಾಡಿ ಮುಗಿಸಬಹುದಾದುದನ್ನು ಅರ್ಧ ಗಂಟೆ ಕೂತು ವಿವರಿಸುವುದು ದಂಡವೆನಿಸಬಹುದು. ಆದರೂ ಅಂಥವನ್ನು ಹೊಸಬರಿಗೆಂದೇ ಬಿಟ್ಟಿರಿ.

ಬಂದ ತಿದ್ದುಪಡಿಗೆ ಎರಡು ಮೂರು ದಿನಗಳೊಳಗೆ ಉತ್ತರಿಸಿ. ನಾನೂ ಒಮ್ಮೆ ಒಂದು ತಂಡಕ್ಕೆ ಸಣ್ಣ ತಿದ್ದುಪಡಿಯೊಂದನ್ನು ಕಳುಹಿಸಿದ್ದೆ. ಏಳು ತಿಂಗಳ ಮೇಲೆ ‘ಧನ್ಯವಾದ, ಇದು ಈಗ ಬೇಡ’ ಎಂಬ ಒಂದು ಸಾಲಿನ ಮರುತ್ತರ ಬಂದಾಗ, ಕಳುಹಿಸಿದ್ದು ಏನೆಂಬುದೇ ನನಗೆ ಮರೆತಿತ್ತು. ತಿದ್ದುಪಡಿ ತಪ್ಪಾಗಿದ್ದರೆ ಕಾರಣ ತಿಳಿಸಿ. ಅದು ಯಾರಿಗೂ ಬೇಸರ ತರುವುದಿಲ್ಲ.

ಟೀಶರ್ಟಿನ ಮಾತು ಬೇಡ. ಅಕ್ಟೋಬರಿನಲ್ಲಿ ನಿಗದಿತ ಸಂಖ್ಯೆಯ ತಿದ್ದುಪಡಿ ಕಳುಹಿಸಿದವರಿಗೆ ಟೀಶರ್ಟು ಕೊಡುತ್ತಿದ್ದ ‘ಹ್ಯಾಕ್ಟೋಬರ್‌ಫೆಸ್ಟ್’ ಅಭಿಯಾನದಲ್ಲಿ, 2020ರಲ್ಲಿ, ಒಂದೆರಡು ಪದ ಸೇರಿಸಿದ ನಿರರ್ಥಕ ತಿದ್ದುಪಡಿಗಳು ಎಷ್ಟು ಬಂದು ಬಿದ್ದವೆಂದರೆ, ಒಪ್ಪಿಗೆಯಿತ್ತ ಯೋಜನೆಗಳಿಗೆ ಕಳುಹಿಸಿದ್ದು ಮಾತ್ರ ಲೆಕ್ಕಕ್ಕೆ ಬರುವಂತೆ ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಪ್ರತಿ ಬಿಡುಗಡೆಯ ಟಿಪ್ಪಣಿಯಲ್ಲಿ, ಕೆಲಸ ಎಷ್ಟೇ ಚಿಕ್ಕದಿರಲಿ, ಮಾಡಿದವರ ಹೆಸರು ಹಾಕಿ, ಅಷ್ಟು ಸಾಕು.

ನಿಮ್ಮ ಪತ್ರದಲ್ಲಿ ಎಂಜಿನಿಯರುಗಳ ಪ್ರಸ್ತಾಪವಷ್ಟೇ ಇದೆ. ‘ಮರ’ ಎಂಬ ಒಂದೇ ಪದ ಮರವನ್ನು, ಮರಕ್ಕೆ, ಮರದಿಂದಲೂ, ಮರದಲ್ಲಿದ್ದುದನ್ನು ಎಂದು ಬೆಳೆಯುತ್ತಾ ಹೋಗುವ ನುಡಿಗೆ ಸ್ಪೆಲ್‌ಚೆಕ್ಕರ್ ಮಾಡುವವರಿಗೆ, ವಿಭಕ್ತಿ, ಸಂಧಿಗಳನ್ನು ಬಲ್ಲ ನಿವೃತ್ತ ಕನ್ನಡ ಮೇಷ್ಟ್ರುಗಳು ಎಂಜಿನಿಯರುಗಳಿಗಿಂತ ಹೆಚ್ಚು ಬೇಕು. ಅವರಿಗೆ ಗಿಟ್‌ಹಬ್ ಕಲಿಸುವ ಹಟ ಬೇಡ. ಪದಪಟ್ಟಿಯ ಪ್ರಿಂಟ್ ತೆಗೆದು, ಕೆಂಪು ಪೆನ್ನಿನ ಜೊತೆ ಮನೆಗೇ ತಲುಪಿಸಿ.

ಎಂಜಿನಿಯರುಗಳ ಬಗ್ಗೆ ಒಂದು ಎಚ್ಚರಿಕೆಯಿದೆ. ಉದ್ಯೋಗಿ ಬರೆದ ಕೋಡ್ ಸಂಸ್ಥೆಗೇ ಸೇರಬೇಕೆಂಬ ಷರತ್ತು ಕೆಲವು ಐಟಿ ಕಂಪನಿಗಳ ನೇಮಕಾತಿ ಕರಾರಿನಲ್ಲಿರುತ್ತದೆ. ಸೇರುವವರು ಅದನ್ನು ಓದಿ, ಅಗತ್ಯವಿದ್ದರೆ ಲಿಖಿತ ಅನುಮತಿ ಪಡೆದು, ಕಚೇರಿಯ ಲ್ಯಾಪ್‌ಟಾಪ್ ಬಳಸದೆ ಕೆಲಸ ಮಾಡಲಿ. ನಾಲ್ಕಾರು ತಿದ್ದುಪಡಿಗಳನ್ನು ಅಚ್ಚುಕಟ್ಟಾಗಿ ಮಾಡಿದವರಿಗೆ ಮರ್ಜ್ ಮಾಡುವ, ಅಂದರೆ ಬಂದ ತಿದ್ದುಪಡಿಯನ್ನು ಮೂಲ ಕೋಡಿಗೆ ಸೇರಿಸುವ ಅಧಿಕಾರವನ್ನೂ ಕೊಡಿ. ಅದು ನಿಮ್ಮಿಬ್ಬರ ಕೈಯಲ್ಲೇ ಉಳಿದರೆ, ನೀವು ಊರಿಗೆ ಹೋದ ವಾರ ಯೋಜನೆಯೂ ರಜೆ ಹಾಕುತ್ತದೆ.