ಆಲೂಗಡ್ಡೆ ಗಿಡದ ಎಲೆ ಸುರುಳಿ ಸುತ್ತಿದೆ, ಯಾವ ಔಷಧಿ ಹೊಡೆಯಲಿ?

ಕೆಳಗಿನ ಎಲೆಗಳು ಮೇಲಕ್ಕೆ ಸುರುಳಿ ಸುತ್ತಿವೆ, ಏನು ಹೊಡೆಯಬೇಕು, ಇದೇ ಬೆಳೆಯ ಗಡ್ಡೆಯನ್ನು ಬೀಜಕ್ಕೆ ಇಡಬಹುದಾ ಅಂತ ಕೇಳಿದ್ದೀರಿ. ಇದು ಎಲೆ ಸುರುಳಿ ವೈರಸ್ ಇರಬಹುದು. ವೈರಸ್ ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಬೀಜಕ್ಕಂತೂ ಇಡಲೇಬೇಡಿ.

ಮೊದಲು ಅದು ವೈರಸ್ಸೇ ಹೌದಾ ನೋಡಿಕೊಳ್ಳಿ. ಬಿಸಿಲಿಗೆ, ನೀರು ಸಾಲದೆ ಕೂಡ ಎಲೆ ಮುದುರುತ್ತದೆ. ಆಗ ಸಾಮಾನ್ಯವಾಗಿ ಸಾಲಿಗೆ ಸಾಲೇ ಮುದುರಿರುತ್ತದೆ. ಬೀಜದಿಂದ ಬಂದ ವೈರಸ್ ಆದರೆ ಚೆನ್ನಾಗಿರುವ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕುಳ್ಳ ಗಿಡ ಕಾಣುತ್ತದೆ. ಅದರ ಎಲೆ ಮುಟ್ಟಿ ನೋಡಿ, ಬಿರುಸಾಗಿರುತ್ತದೆ. ಗಿಡ ಅಲ್ಲಾಡಿಸಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ಎಲೆಯಿಂದ ಆಹಾರ ಇಳಿಯುವ ನಾಳಗಳನ್ನು ವೈರಸ್ ಕೆಡಿಸಿರುತ್ತದೆ, ಹಾಗಾಗಿ ಪಿಷ್ಟ ಗಡ್ಡೆಗೆ ಹೋಗದೆ ಎಲೆಯಲ್ಲೇ ತುಂಬಿಕೊಳ್ಳುತ್ತದೆ. ಕೆಳಗಿನ ಎಲೆಯಿಂದ ಶುರುವಾಗಿದ್ದರೆ ರೋಗ ಬಿತ್ತಿದ ಗಡ್ಡೆಯಲ್ಲೇ ಇತ್ತು ಅಂತ ಲೆಕ್ಕ. ತುದಿಯ ಎಲೆ ಮೊದಲು ಬಿಳಚಿ ಮುದುರಿದರೆ ಎಲೆಯ ರಸ ಹೀರುವ ಸಸ್ಯಹೇನು ಈ ಸಲವೇ ತಂದು ಹಾಕಿದೆ.

ನಾನೂ ಒಮ್ಮೆ ಪೆಟ್ಟು ತಿಂದವನೇ. ದೊಡ್ಡ ಗಡ್ಡೆಗಳನ್ನು ಮಾರಿ, ಸಣ್ಣವನ್ನು ಬೀಜಕ್ಕೆ ಇಡುತ್ತಿದ್ದೆ. ಜಾಣತನ ಅಂದುಕೊಂಡಿದ್ದೆ. ರೋಗದ ಗಿಡ ಬಿಡುವುದೇ ಸಣ್ಣ ಗಡ್ಡೆ ಅಲ್ವಾ? ಅಂದರೆ ವರ್ಷ ವರ್ಷ ನಾನೇ ಕೈಯಾರೆ ವೈರಸ್ಸನ್ನು ಆರಿಸಿ ಬಿತ್ತುತ್ತಿದ್ದೆ! ಮೂರನೇ ವರ್ಷ ಗಿಡ ಕಿತ್ತರೆ ಗೋಲಿಯಂಥ ನಾಲ್ಕು ಗಡ್ಡೆ. ನಾನು ಮಣ್ಣನ್ನು ಬೈದೆ. ಹಿಂದೆ ಯುರೋಪಿನಲ್ಲೂ ಬೀಜ ಹಳೆಯದಾಗಿ ಸೊರಗಿತು ಅಂತಲೇ ಅಂದುಕೊಳ್ಳುತ್ತಿದ್ದರು. ಇದು ಅಂಟುರೋಗ ಅಂತ ಕಸಿ ಕಟ್ಟಿ ತೋರಿಸಿದ್ದು ನೆದರ್‌ಲ್ಯಾಂಡ್ಸಿನ ಸಸ್ಯರೋಗ ವಿಜ್ಞಾನಿ ಕ್ವಾನ್ಯರ್, 1916ರಲ್ಲಿ.

ಇನ್ನು ಹೇನಿಗೆ ಔಷಧಿ. ಎಲೆ ಸುರುಳಿ ವೈರಸ್ ಹರಡಲು ಹೇನು ಗಂಟೆಗಟ್ಟಲೆ ರಸ ಹೀರಬೇಕು, ಆದ್ದರಿಂದ ಸಿಂಪಡಣೆಯಿಂದ ಸ್ವಲ್ಪ ತಡೆಯಬಹುದು. ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಮೂಡಿಸುವ ‘ವೈ’ (Y) ಅನ್ನುವ ಇನ್ನೊಂದು ವೈರಸ್ ಹಾಗಲ್ಲ. ಹೇನು ಕೆಲವು ಸೆಕೆಂಡು ಚುಚ್ಚಿದರೂ ಸಾಕು, ಅದು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಅಲ್ಲಿ ಕೀಟನಾಶಕ ಹೊಡೆಯುವುದು ಸುಮ್ನೆ ದುಡ್ಡು ದಂಡ.

ಈಗ ಮಾಡಬೇಕಾದ್ದು ಇಷ್ಟೇ. ರೋಗದ ಗಿಡಗಳನ್ನು ಗಡ್ಡೆಸಮೇತ ಕೀಳಿ. ಹೇನು ಉದುರದಂತೆ ಅಲ್ಲೇ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ಅರ್ಧಕ್ಕರ್ಧ ಗಿಡ ಹೀಗಾಗಿದ್ದರೆ ಕೀಳುವ ಗೋಜು ಬೇಡ, ಸಿಕ್ಕಷ್ಟು ಬೆಳೆ ತೆಗೆದುಕೊಳ್ಳಿ. ಆ ಗಡ್ಡೆ ತಿನ್ನಲು ಅಡ್ಡಿಯಿಲ್ಲ, ಈ ವೈರಸ್ ಮನುಷ್ಯರಿಗೆ ಬರುವುದಿಲ್ಲ. ಮುಂದಿನ ಸಲ ಪ್ರಮಾಣೀಕೃತ ಬಿತ್ತನೆ ಗಡ್ಡೆಯನ್ನೇ ತನ್ನಿ. ಹಾಂ, ಮಣ್ಣಲ್ಲಿ ಉಳಿದ ಗಡ್ಡೆ ತಾನಾಗೇ ಮೊಳೆತರೆ ಪಾಪ ಅಂತ ಬಿಡಬೇಡಿ, ಹೊಸ ಬೆಳೆಗೆ ರೋಗ ಅಲ್ಲಿಂದಲೂ ದಾಟುತ್ತದೆ.