ಫಾರ್ವರ್ಡ್ ಒತ್ತದ ರಾತ್ರಿಗಳು

ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: 'ಒಂದು ಹಾಡಿಗೋಸ್ಕರ ಇಡೀ ಕ್ಯಾಸೆಟ್ಟು ಕೊಂಡು ದುಡ್ಡು ಕಳೆದವರು ನಾವು. ಈಗ ಬೇಕಾದ ಹಾಡು ಮಾತ್ರ ಕೇಳಬಹುದು. ಆಲ್ಬಮ್ ಹೋದರೆ ನಷ್ಟ ಯಾರಿಗೆ?'

ಚೆನ್ನಾಗಿ ಬರೆಯುತ್ತೀರಿ, ಬರೆಯುತ್ತಾ ಇರಿ. ದುಡ್ಡಿನ ಮಾತು ನಿಜವೇ. ಬಿಡಿ ಹಾಡು ಹೊಸದೂ ಅಲ್ಲ, ಹಳೆಯ ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಿಡಿದರೆ ಹೆಚ್ಚು. 1948ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯವರು ಎಲ್‌ಪಿ ಅನ್ನುವ ಲಾಂಗ್ ಪ್ಲೇ ತಟ್ಟೆ ತಂದ ಮೇಲೆ ತಾನೇ ಬದಿಗೆ 20 ನಿಮಿಷ ಸಿಕ್ಕಿದ್ದು.

ಆದರೆ ನಷ್ಟ ಯಾರಿಗೆ ಅಂದಿರಲ್ಲ, ನಿಮಗೇ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ಟೇಪ್ ರೆಕಾರ್ಡರ್ ಹಚ್ಚಿಡುತ್ತಿದ್ದರು. 1978ರ 'ನಿತ್ಯೋತ್ಸವ' ಅಂತೂ ಸವೆಯುವಷ್ಟು ಕೇಳಿದ್ದೇವೆ, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಎಲ್ಲರೂ ಕಾಯುತ್ತಿದ್ದದ್ದು ಜೋಗದ ಹಾಡಿಗೆ, ಪಕ್ಕದ ಜೋಗ ಅಲ್ವಾ. ಆದರೆ ಮೆಟ್ಟುಗತ್ತಿ ಮುಂದೆ ಕೂತವರ ಕೈಯೆಲ್ಲ ಚೊಗರು ಹತ್ತಿ ಕಪ್ಪಾಗಿರುತ್ತಿತ್ತು, ಆ ಕೈಯಲ್ಲಿ ಫಾರ್ವರ್ಡ್ ಒತ್ತಲು ಯಾರೂ ಏಳುತ್ತಿರಲಿಲ್ಲ. ಬಂದದ್ದನ್ನೆಲ್ಲ ಕೇಳಬೇಕು. ಒಂದು ಹಾಡಿಗೆ ನಮ್ಮ ಆಯಿ ಮೊದಲ ವಾರ 'ಇದೆಂಥ ಇಷ್ಟು ನಿಧಾನ' ಅಂತ ಬೈದಿದ್ದಳು. ಸುಗ್ಗಿ ಮುಗಿಯುವಾಗ ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ ಗುನುಗುತ್ತಿದ್ದದ್ದು ಅದನ್ನೇ.

ಬೇಕಾದ್ದು ಮಾತ್ರ ಅಂದರೆ ಆಗಲೇ ಗೊತ್ತಿರುವುದು ಮಾತ್ರ ಅಂತ ಆಯಿತು. ಹಾಡು ಕಟ್ಟುವವರಿಗೂ ಅದೇ ಗತಿ. ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಅಷ್ಟರೊಳಗೆ ಕೇಳುಗ ಓಡಬಾರದು ಅಂತ ಪಲ್ಲವಿಯನ್ನು ಎಳೆದು ಮುಂದಕ್ಕೆ ತರುತ್ತಾರೆ, ಕೊಳಲಿನ ಆಲಾಪಕ್ಕೆ ಕತ್ತರಿ. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡಿದ್ದಕ್ಕೆ ಅದೇ ಕಂಪನಿ ಆಲ್ಬಮ್ ಪುಟದಲ್ಲಿ ಶಫಲ್ ಅನ್ನು, ಅಂದರೆ ಹಾಡುಗಳನ್ನು ಕಲಸಿ ಹಾಕುವ ಗುಂಡಿಯನ್ನು, ಹಿಂದಕ್ಕೆ ಸರಿಸಿತು. ಹಾಡುಗಳನ್ನು ಸುಮ್ನೆ ಒಂದರ ಹಿಂದೆ ಒಂದು ಇಟ್ಟಿರುವುದಿಲ್ಲ ಅಂತ ಅಷ್ಟು ದೊಡ್ಡ ಗಾಯಕಿ ಬಾಯಿಬಿಟ್ಟು ಹೇಳಬೇಕಾಯಿತು, ನೋಡಿ.

ಹಾಡಿನದು ಬಿಡಿ, ಯಕ್ಷಗಾನ ನೋಡಿ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಕಾಲಮಿತಿಗೆ ಬಂತು, ಅದೂ ಜಾಸ್ತಿಯಾಗಿ ಈಗ ಮೊಬೈಲಿನಲ್ಲಿ ಒಂದು ನಿಮಿಷದ ಕುಣಿತ. ಕಳೆದ ವರ್ಷ ಕುಮಟಾ ಕಡೆ ಕರ್ಣನ ಆಟಕ್ಕೆ ಹೋಗಿದ್ದೆ. ಪಕ್ಕದ ಹುಡುಗ ಪ್ರವೇಶದ ಕುಣಿತ ರೆಕಾರ್ಡ್ ಮಾಡಿಕೊಂಡ, ಅರ್ಥ, ಅಂದರೆ ಪಾತ್ರಗಳ ಮಾತು, ಶುರುವಾಗುತ್ತಿದ್ದ ಹಾಗೆ ಎದ್ದು ಹೋದ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವುದು ಆಮೇಲೆ. ಆ ಹುಡುಗ ಅದನ್ನು ಕೇಳಲೇ ಇಲ್ಲ, ನನಗೆ ಇನ್ನೂ ಸಂಕಟ.