ಶಾಲೆಯಲ್ಲಿ ಆಡಿಕೊಂಡು ನಕ್ಕಿದ್ದು ಸ್ನೇಹ, ಪ್ರೀತಿಯವರೆಗೂ ಬರುತ್ತದೆಯೇ?

ನೀವು ಕೇಳಿರುವುದು ಇಷ್ಟು: ಶಾಲೆಯಲ್ಲಿ ಎಲ್ಲರೂ ಸೇರಿ ನಿಮ್ಮನ್ನು ಆಡಿಕೊಳ್ಳುತ್ತಿದ್ದರು, ಈಗ ನಿಮ್ಮ ಹುಡುಗಿ ಸಣ್ಣ ತಮಾಷೆ ಮಾಡಿದರೂ ದಿನಗಟ್ಟಲೆ ಮಾತು ಬಿಡುತ್ತೀರಿ. ಎರಡಕ್ಕೂ ಸಂಬಂಧ ಇದೆಯೇ, ಅವಳಿಗೆ ಹೇಳಬೇಕೇ?

ಸಂಬಂಧ ಇರಬಹುದು. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಐವತ್ತರ ವಯಸ್ಸಿನವರೆಗೂ ಗಮನಿಸುತ್ತ ಬಂದಿದ್ದಾರೆ. ಬಾಲ್ಯದಲ್ಲಿ ಕಿರುಕುಳ ಅನುಭವಿಸಿದವರಲ್ಲಿ ಸಂಗಾತಿಯಿಲ್ಲದೆ, ಆಸರೆಗೆ ಜನ ಕಡಿಮೆಯಾಗಿ ಬದುಕುವವರು ಹೆಚ್ಚು ಎಂದು 2014ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಹಾಗೆ ಆಯಿತೆಂದಲ್ಲ.

ನನಗೆ ಉಗ್ಗು ಇದೆ. ಹೈಸ್ಕೂಲಿನಲ್ಲಿ ಹಾಜರಿ ಕರೆದರೆ 'ಎಸ್ ಸಾರ್' ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಬೆಂಚಿನವರು 'ಎ ಎ ಎ' ಅಂತ ಶುರು ಹಚ್ಚುತ್ತಿದ್ದರು. ಅವರ ಮುಖಗಳು ಮಸುಕಾಗಿವೆ. ಮರೆಯದೇ ಉಳಿದವನು ದಿನಾ ನನ್ನ ಜೊತೆ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದವನು. ತಲೆ ತಗ್ಗಿಸಿಕೊಂಡು ಅವನೂ ನಗುತ್ತಿದ್ದ. ಆಗ ಮನಸ್ಸಿನಲ್ಲಿ ಕೂತದ್ದು, ಹತ್ತಿರದವರ ಮೇಲೇ ಹೆಚ್ಚು ನಿಗಾ ಇಡಬೇಕು ಅನ್ನುವುದು. ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ನಮ್ಮಲ್ಲಿ ಸಲುಗೆ ಬೆಳೆಯುವುದೇ ಕಾಲೆಳೆಯುವುದರಿಂದ, ಅಡ್ಡಹೆಸರಿನಿಂದ. ಯಾರೂ ರೇಗಿಸದಿದ್ದರೆ ಏನೋ ಮುನಿಸಿದೆ ಅಂತ ಲೆಕ್ಕ. ಕಾಲೇಜಿನಲ್ಲಿ ರೂಮ್‌ಮೇಟ್‌ಗಳು ಪ್ರೀತಿಯಿಂದ ರೇಗಿಸಿದರೂ ನನಗೆ ಕೇಳಿಸುತ್ತಿದ್ದದ್ದು ಹಿಂದಿನ ಬೆಂಚಿನ ದನಿಯೇ. ಎಲ್ಲರ ಲ್ಯಾಬ್ ರೆಕಾರ್ಡ್ ಬರೆದುಕೊಡುತ್ತಿದ್ದೆ, ಹೋಟೆಲ್ ಬಿಲ್ ನಾನೇ ಕೊಡುತ್ತಿದ್ದೆ. ಆಮೇಲೆ ಯಾವುದೋ ಒಂದು ಮಾತಿಗೆ ಹೇಳದೆ ಕೇಳದೆ ಗ್ರೂಪ್ ಬಿಟ್ಟು ಹೋಗುತ್ತಿದ್ದೆ. ಏನಾಯಿತೆಂದು ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ.

ಪ್ರೀತಿಯಲ್ಲಿ ಇದು ಇನ್ನೂ ತೀಕ್ಷ್ಣ. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಜೆರಾಲ್ಡಿನ್ ಡೌನಿ, ಸ್ಕಾಟ್ ಫೆಲ್ಡ್‌ಮನ್ 1996ರಲ್ಲಿ ಪ್ರೇಮಿಗಳ ಬಗ್ಗೆ ಬರೆದದ್ದು ನನಗೆ ನನ್ನದೇ ವಿಷಯ ಅನಿಸಿತು. ಎಲ್ಲಿ ತಿರಸ್ಕರಿಸುತ್ತಾರೋ ಅಂತ ಆತಂಕದಲ್ಲಿ ಕಾಯುವವರು ಸಂಗಾತಿಯ ಸಾಧಾರಣ ನಡೆಯಲ್ಲೂ ತಿರಸ್ಕಾರ ಕಾಣುತ್ತಾರೆ. ಅದಕ್ಕೆ ಅವರು ತೋರುವ ಸಿಡುಕು, ಅಸೂಯೆಯೇ ಸಂಬಂಧವನ್ನು ಹಾಳುಮಾಡುತ್ತದೆ. ನನ್ನ ಹೆಂಡತಿ ಹೋಟೆಲಿನಲ್ಲಿ ನಾನು 'ಮ ಮ' ಅನ್ನುವಷ್ಟರಲ್ಲಿ 'ಮಸಾಲೆ ದೋಸೆ' ಅಂತ ಮಾತು ಮುಗಿಸಿಕೊಡುತ್ತಿದ್ದಳು. ಸಹಾಯವೇ ಅದು. ನಾನು ಮನೆ ತಲುಪುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೊಂದು ದಿನ "ನಾನು ಸಿಕ್ಕಿಕೊಂಡಾಗ ಸ್ವಲ್ಪ ಕಾಯಿ, ನೀನು ಮುಗಿಸಬೇಡ" ಅಂದೆ. "ಅಷ್ಟೇನಾ? ಮೊದಲೇ ಹೇಳೋದಲ್ವೇನ್ರೀ!" ಅಂದಳು. ಈಗಲೂ ಮರೆಯುತ್ತಾಳೆ, ಕಣ್ಣಲ್ಲೇ ನೆನಪಿಸುತ್ತೇನೆ.

ಆದ್ದರಿಂದ ಹೇಳಿ, ಆದರೆ ಜಗಳದ ನಡುವೆ ಬೇಡ. ಆಗ 'ನೀನೂ ಅವರ ಹಾಗೇ' ಅಂದಂತೆ ಕೇಳಿಸುತ್ತದೆ. ಇಡೀ ಕಥೆ ಬಿಚ್ಚಬೇಕಿಲ್ಲ. ಯಾವ ತಮಾಷೆ, ಯಾರ ಎದುರಿಗೆ ಮಾಡಿದರೆ ನೋವಾಗುತ್ತದೆ ಅನ್ನುವುದು ಸಾಕು. ದಿನಗಟ್ಟಲೆ ಮಾತು ಬಿಡುವುದನ್ನು ಮಾತ್ರ ನೀವೇ ಬಿಡಬೇಕು. ಕ್ಲಾಸೆಲ್ಲ ಸೇರಿ ನಿಮ್ಮ ಜೊತೆ ಠೂ ಬಿಟ್ಟಿದ್ದರೆ ಹೇಗನಿಸುತ್ತಿತ್ತೋ ಅವಳಿಗೂ ಈಗ ಹಾಗೇ ಅನಿಸುತ್ತಿರುತ್ತದೆ. "ಒಂದು ಗಂಟೆ ಬಿಡು, ಆಮೇಲೆ ಮಾತಾಡೋಣ" ಅಂದು ನೋಡಿ, ಅಂದಂತೆ ಮಾತಾಡಿ.

ಇನ್ನೊಂದು. ಹೇಳಿದ ಮೇಲೂ ಬೇಕಂತಲೇ, ಮತ್ತೆ ಮತ್ತೆ, ನಾಲ್ಕು ಜನರ ಮುಂದೆ ಅದನ್ನೇ ಎತ್ತಿ ಆಡಿದರೆ ಅದಕ್ಕೆ ನಿಮ್ಮ ಬಾಲ್ಯ ಕಾರಣವಲ್ಲ. ಶಾಲಾ ಕಿರುಕುಳದ ಅಧ್ಯಯನಕ್ಕೆ ತಳಹದಿ ಹಾಕಿದ ಡಾನ್ ಓಲ್ವೇಯಸ್ ಕಿರುಕುಳದ ಲಕ್ಷಣವೆಂದು ಗುರುತಿಸಿದ್ದೂ ಇದನ್ನೇ: ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲ. ಅಲ್ಲಿ ಸಹಿಸಿಕೊಳ್ಳುವ ಅಗತ್ಯವಿಲ್ಲ.

ಒಬ್ಬರೇ ನಿಭಾಯಿಸಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.